ಮೋಟಾರು ಗಾಡಿಯ ಫ್ಯೂಸು



ಇಂದು ನಾವು ಮಾತಿಗೆ ಆರಿಸಿಕೊಂಡಿರುವ ವಸ್ತು ಬಲು ಸಣ್ಣದು. ಗಾತ್ರದಲ್ಲಿ ಹುಣಿಸೆಯ ಬೀಜಕ್ಕಿಂತ ತುಸು ದೊಡ್ಡದು. ಅದರ ಬೆಲೆ ಕೆಲವೇ ರೂಪಾಯಿ. ಆದರೂ ಲಕ್ಷಗಟ್ಟಲೆ ಹಣ ಸುರಿದು ಕೊಂಡ ಮೋಟಾರು ಗಾಡಿಯು ಅದೊಂದು ಕೆಟ್ಟರೆ ಕುರುಡಾಗುವುದುಂಟು, ಮೂಕವಾಗುವುದುಂಟು. ಅದೇ ಫ್ಯೂಸು.

ಅದರ ಮಹಿಮೆ ನಮಗೆ ತಿಳಿದುದು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಹಾದಿಯಲ್ಲಿ. ಮಾಘ ಬಹುಳದಲ್ಲಿ ಕೊಟ್ಟೂರೇಶ್ವರಸ್ವಾಮಿಯ ತೇರು ನಡೆಯುವುದು ತಮಗೆ ತಿಳಿದೇ ಇದೆ. ದಾವಣಗೆರೆಯಿಂದಲೂ ಸುತ್ತಣ ಊರುಗಳಿಂದಲೂ ಸಹಸ್ರಾರು ಭಕ್ತರು ಕಾಲ್ನಡಿಗೆಯಲ್ಲಿ ಬರುವರು. ಬಿಸಿಲಿಗೆ ಅಂಜಿದವರು ರಾತ್ರಿಯೇ ನಡೆಯುವರು. ಕೃಷ್ಣಪಕ್ಷವಾದುದರಿಂದ ನಡುರಾತ್ರಿ ಕಳೆಯದೆ ಚಂದ್ರನು ಮೂಡುವುದಿಲ್ಲ. ಅಂತಹ ಕತ್ತಲೆಯಲ್ಲಿ, ಗಾಡಿಯು ಒಂದು ಹಳ್ಳವನ್ನು ಹಾರಿದೊಡನೆ ನಮ್ಮ ಮುಂದೀಪಗಳೆರಡೂ ಒಮ್ಮೆಗೇ ಆರಿಹೋದವು. ಮುಂದೆ ರಸ್ತೆಯ ತುಂಬ ಜನ. ನಮಗೆ ಒಬ್ಬರೂ ಕಾಣಿಸರು. ಗಾಡಿಯನ್ನು ಮೆಲ್ಲನೆ ಬದಿಗೆ ತಂದು ನಿಲ್ಲಿಸಿದಾಗ ನಮ್ಮ ಎದೆ ಬಡಿಯುತ್ತಿದ್ದಿತು.

ದಾರಿಹೋಕರಲ್ಲಿ ಒಬ್ಬರು ಉಪಕಾರಬುದ್ಧಿಯಿಂದ ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನು ಮುಂದೆ ಹಿಡಿದು, "ಇದನ್ನು ಸುತ್ತಿ ತುರುಕಿರಿ ಸ್ವಾಮಿ, ದೀಪ ಹತ್ತುತ್ತದೆ" ಎಂದರು. ನಿಜ, ದೀಪ ಹತ್ತುತ್ತಿದ್ದಿತು. ಆದರೆ ನಮ್ಮ ವೃದ್ಧ ಚಾಲಕರು ಒಪ್ಪಲಿಲ್ಲ. "ಕಾವಲುಗಾರ ಸತ್ತಿದ್ದಾನೆ, ಬಾಗಿಲಿಗೆ ಅವನ ಅಂಗಿ ತೂಗುಹಾಕಿದರೆ ಕಳ್ಳ ಹೆದರುವನೇ?" ಎಂದರು. ಅವರ ಮಾತಿನಲ್ಲಿ ಶಾಸ್ತ್ರವೇ ಅಡಗಿದ್ದಿತು.

ಆ ಶಾಸ್ತ್ರವನ್ನು ತುಸು ನೋಡೋಣ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಶಾಖ ಹುಟ್ಟುತ್ತದೆ. ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. 12 ವೋಲ್ಟಿನ ಗಾಡಿಯಲ್ಲಿ 55 ವಾಟಿನ ಎರಡು ದೀಪಗಳು ಎಳೆಯುವುದು ಸುಮಾರು 9 ಆಂಪಿಯರು. ಆ ದಾರಿಯಲ್ಲಿ 15 ಆಂಪಿಯರಿನ ಫ್ಯೂಸನ್ನು ಇಡುತ್ತಾರೆ. ತಂತಿಯ ಹೊದಿಕೆ ಸವೆದು, ಒಳಗಿನ ತಾಮ್ರವು ಗಾಡಿಯ ಕಬ್ಬಿಣಕ್ಕೆ ತಗುಲಿತೆನ್ನಿ; ಬ್ಯಾಟರಿಯಿಂದ ನೂರಾರು ಆಂಪಿಯರು ನುಗ್ಗಿಬರುತ್ತದೆ. ಆಗ ಫ್ಯೂಸಿನೊಳಗಿನ ಎಳೆಯು ತಾನೇ ಮೊದಲು ಕರಗಿ ದಾರಿಯನ್ನು ಕಡಿದುಬಿಡುತ್ತದೆ. ಬೆಳ್ಳಿಕಾಗದವನ್ನೋ, ತಂತಿಯ ತುಂಡನ್ನೋ, 30 ಆಂಪಿಯರಿನ ಫ್ಯೂಸನ್ನೋ ಅಲ್ಲಿ ತುರುಕಿದರೆ, ಕರಗುವ ಸರದಿ ಗಾಡಿಯ ತಂತಿಗೇ ಬರುತ್ತದೆ. ಹೊಗೆ ಬರುತ್ತದೆ, ಬೆಂಕಿಯೂ ಬರಬಹುದು.

ಇನ್ನು ಕೆಲಸದ ಕ್ರಮ. ಗಾಡಿಯನ್ನು ರಸ್ತೆಯಿಂದ ಆಚೆಗೆ ನಿಲ್ಲಿಸಿ, ಎಚ್ಚರಿಕೆಯ ದೀಪವನ್ನು ಹಾಕಿ, ಜೊತೆಯವರನ್ನು ದೂರ ನಿಲ್ಲಿಸಬೇಕು. ಫ್ಯೂಸನ್ನು ಮುಟ್ಟುವ ಮುನ್ನ ಬೀಗದಕೈಯನ್ನು ತಿರುಗಿಸಿ ತೆಗೆದುಬಿಡಬೇಕು. ಫ್ಯೂಸಿನ ಪೆಟ್ಟಿಗೆಗಳು ಸಾಮಾನ್ಯವಾಗಿ ಎರಡು: ಒಂದು ಚಾಲಕನ ಮೊಣಕಾಲಿನ ಬಳಿ, ಇನ್ನೊಂದು ಬಾನೆಟ್ಟಿನ ಕೆಳಗೆ ಬ್ಯಾಟರಿಯ ಸಮೀಪದಲ್ಲಿ. ಯಾವ ಫ್ಯೂಸು ಯಾವುದಕ್ಕೆ ಎಂಬ ನಕ್ಷೆ ಮುಚ್ಚಳದ ಒಳಮೈಯಲ್ಲಿಯೋ, ಗಾಡಿಯ ಜೊತೆಗೆ ಬಂದ ಪುಸ್ತಕದಲ್ಲಿಯೋ ಇರುತ್ತದೆ. ಆ ಪುಸ್ತಕವನ್ನು ಬಿಚ್ಚದೆಯೇ ಗಾಡಿಯನ್ನು ಮಾರುವವರೂ ನಮ್ಮಲ್ಲಿ ಉಂಟು!

ಪೆಟ್ಟಿಗೆಯಲ್ಲಿರುವ ಪ್ಲಾಸ್ಟಿಕ್ಕಿನ ಸಣ್ಣ ಚಿಮಟದಿಂದ ಫ್ಯೂಸನ್ನು ನೇರವಾಗಿ ಎಳೆದು ಬೆಳಕಿಗೆ ಹಿಡಿಯಿರಿ. ನಡುವಣ ಎಳೆ ತುಂಡಾಗಿದ್ದರೆ, ಒಳಗೆ ಕಪ್ಪಾಗಿದ್ದರೆ, ಅದು ಸುಟ್ಟಿದೆ. ಇಂದಿನ ಚಪ್ಪಟೆ ಫ್ಯೂಸುಗಳ ಅಳತೆಯನ್ನು ಬಣ್ಣವೇ ಹೇಳುತ್ತದೆ: 10ಕ್ಕೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. ನೀಲಿಯ ಸ್ಥಾನಕ್ಕೆ ನೀಲಿಯೇ ಬರಬೇಕು. ಎರಡು ದೀಪಗಳಲ್ಲಿ ಒಂದು ಮಾತ್ರ ಆರಿದ್ದರೆ ಬಲ್ಬೇ ಹೋಗಿರಬಹುದು, ಅದನ್ನೂ ನೋಡಿರಿ. ಬೋಲ್ಟು ಹಾಕಿ ಬಿಗಿದ ದಪ್ಪ ಫ್ಯೂಸುಗಳನ್ನೂ, ವಿದ್ಯುತ್ ಗಾಡಿಗಳ ಕಿತ್ತಳೆ ಬಣ್ಣದ ತಂತಿಗಳನ್ನೂ ಮಾತ್ರ ಮುಟ್ಟಬೇಡಿ. ಅದು ಬಲ್ಲವರ ಕೆಲಸ.

ಹತ್ತಿರ ಬಿಡಿ ಫ್ಯೂಸು ಇಲ್ಲದಿದ್ದರೆ? ಅಂದು ನಮ್ಮ ಬಳಿಯೂ ಇರಲಿಲ್ಲ. ಚಾಲಕರು ರೇಡಿಯೋವಿನ ನೀಲಿ ಫ್ಯೂಸನ್ನು ಕಿತ್ತು ದೀಪಕ್ಕೆ ಹಾಕಿದರು. ರೇಡಿಯೋವಿನಲ್ಲಿ ಮಾತನಾಡುವ ನಾವೇ ಹೇಳುತ್ತೇವೆ: ಅಂತಹ ಹೊತ್ತಿನಲ್ಲಿ ನಮ್ಮ ಬಾಯಿ ಕಟ್ಟಿದರೂ ಚಿಂತೆಯಿಲ್ಲ, ದಾರಿ ಕಾಣಲಿ.

ದೀಪ ಹತ್ತಿತು. ಮೆಲ್ಲಮೆಲ್ಲನೆ, ನಡೆಯುವವರಿಗೆ ದಾರಿ ಬಿಡುತ್ತ, ಕೊಟ್ಟೂರು ಸೇರಿದೆವು. ಮರುದಿನ ಹಗಲಿನಲ್ಲಿ ಹುಡುಕಿದಾಗ, ದೀಪದ ಹಿಂದಣ ತಂತಿಯೊಂದು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಹೊದಿಕೆ ಕಳೆದುಕೊಂಡಿದ್ದುದು ಕಂಡಿತು. ಗಾಡಿ ಹಳ್ಳಕ್ಕೆ ಕುಲುಕಿದಾಗ ಅದು ತಗಡಿಗೆ ತಗುಲಿದ್ದಿತು. ಬೆಳ್ಳಿಕಾಗದವನ್ನು ಹಾಕಿದ್ದರೆ, ಮತ್ತೊಂದು ಹಳ್ಳದಲ್ಲಿ ಏನಾಗುತ್ತಿದ್ದಿತೋ ತಾವೇ ಊಹಿಸಬಹುದು.

ಆದುದರಿಂದ ಹೊಸ ಫ್ಯೂಸನ್ನು ಹಾಕುವುದು ಅರ್ಧ ಕೆಲಸ. ಹಳೆಯದು ಏಕೆ ಸುಟ್ಟಿತೆಂದು ಕಂಡುಕೊಳ್ಳುವುದು ಉಳಿದರ್ಧ. ಹಾಕಿದ ಕೂಡಲೇ ಮತ್ತೆ ಸುಟ್ಟರೆ ಮೂರನೆಯದನ್ನು ಹಾಕದೆ ಕಸುಬುದಾರನನ್ನು ಕರೆಯಿಸಿರಿ. ಈ ಮಾತು ಮುಗಿದ ಮೇಲೆ, ಹಗಲು ಬೆಳಕಿರುವಾಗಲೇ, ತಮ್ಮ ಗಾಡಿಯ ಪೆಟ್ಟಿಗೆ ಎಲ್ಲಿದೆಯೆಂದು ಒಮ್ಮೆ ನೋಡಿಟ್ಟುಕೊಳ್ಳಿ. ಬಣ್ಣಕ್ಕೆ ಎರಡರಂತೆ ಬಿಡಿ ಫ್ಯೂಸುಗಳನ್ನೂ ಒಂದು ಟಾರ್ಚನ್ನೂ ಗಾಡಿಯಲ್ಲಿಡಿ. ಕತ್ತಲೆಯಲ್ಲಿ ಹುಡುಕುವ ಕಷ್ಟ ನಮಗೊಬ್ಬರಿಗೇ ಸಾಕು.