ನೋವೆಂಬ ಕಾವಲುಗಾರ
(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಒಲೆಯ ಮೇಲಿನ ಕಾದ ಪಾತ್ರೆಗೆ ಬೆರಳು ತಗುಲಿದೊಡನೆಯೇ ಕೈಯು ಹಿಂದಕ್ಕೆ ಸರಿಯುವುದು. ಸುಟ್ಟಿತೆಂಬ ಅರಿವು ನಮಗುಂಟಾಗುವುದು ಅದರ ಬಳಿಕ. ಹಾಗಾದರೆ ಕೈಗೆ ಅಪ್ಪಣೆಯಿತ್ತವರಾರು? ಕೃತ್ಯವೊಂದು ನಡೆದರೆ ಅದರ ಕರ್ತೃವನ್ನು ಹುಡುಕುವುದೇ ವಕೀಲರಾದ ನಮ್ಮ ಕಸುಬಾದುದರಿಂದ, ಈ ಪ್ರಶ್ನೆಯನ್ನು ತಮ್ಮ ಮುಂದಿಡಲು ಧೈರ್ಯಮಾಡಿದ್ದೇವೆ.

ಅಪ್ಪಣೆಯಿತ್ತುದು ಮಿದುಳಲ್ಲ, ಬೆನ್ನುಹುರಿ. ಪ್ರೌಢವಯಸ್ಸಿನವರಲ್ಲಿ ಸುಮಾರು 45 ಸೆಂಟಿಮೀಟರು ಉದ್ದವಿರುವ ಈ ಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಪ್ರತಿಯೊಂದು ನರಕ್ಕೂ ಎರಡು ಬೇರುಗಳು. ಹಿಂದಿನ ಬೇರಿನಿಂದ ಸುದ್ದಿಯು ಒಳಬರುವುದು. ಮುಂದಿನ ಬೇರಿನಿಂದ ಅಪ್ಪಣೆಯು ಹೊರಹೋಗುವುದು. ಫ್ರಾನ್ಸಿನ ಮ್ಯಾಜೆಂಡಿಯು 1822ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದನು. ಚರ್ಮದಿಂದ ಜ್ಞಾನವಾಹಿ ತಂತು ಸುದ್ದಿಯನ್ನು ತರುತ್ತದೆ. ಹುರಿಯೊಳಗಿನ ನಡುವಣ ನರಕೋಶವು ಅದನ್ನು ಕ್ರಿಯಾವಾಹಿ ತಂತುವಿಗೆ ದಾಟಿಸುತ್ತದೆ. ಅದು ಸ್ನಾಯುವನ್ನು ಎಚ್ಚರಿಸುತ್ತದೆ. ಪಠ್ಯಪುಸ್ತಕಗಳು ಇದನ್ನೇ ಪರಾವರ್ತಿತ ಪ್ರತಿಕ್ರಿಯೆ ಎನ್ನುತ್ತವೆ. ಊರಿಗೆ ಬೆಂಕಿ ಬಿದ್ದಾಗ ರಾಜಧಾನಿಯ ಅಪ್ಪಣೆ ಬರಲೆಂದು ಯಾವ ಗೌಡನು ಕಾಯುತ್ತಾನೆ? ಬಾವಿಯಿಂದ ನೀರು ಸೇದಿಸಿ ಬೆಂಕಿಯನ್ನಾರಿಸುವನು. ವರದಿಯನ್ನು ಜೊತೆಗೇ ಕಳುಹುವನು. ಮಿದುಳಿಗೆ ತಲುಪುವ ಆ ವರದಿಯೇ ನಾವು ನೋವೆಂದು ಕರೆಯುವುದು.

ಈ ಏರ್ಪಾಡನ್ನು ಕುರುಡು ಯಂತ್ರವೆಂದು ತಿಳಿಯತಕ್ಕದ್ದಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಕಾಲು ಮೇಲೇಳುವುದಷ್ಟೇ ಅಲ್ಲ, ಮತ್ತೊಂದು ಕಾಲು ಬಿಗಿದು ನಿಂತು ಮೈಭಾರವನ್ನು ಹೊರುವುದು. ಇಲ್ಲದಿದ್ದರೆ ಮುಳ್ಳಿನಿಂದ ತಪ್ಪಿಸಿಕೊಂಡವನು ನೆಲಕ್ಕುರುಳಬೇಕಾಗುತ್ತಿತ್ತು. ಮಡಿಚುವ ಸ್ನಾಯು ಬಿಗಿಯುವಾಗ ಅದರ ಎದುರಾಳಿ ಸ್ನಾಯುವು ಸಡಿಲಗೊಳ್ಳಬೇಕೆಂಬ ನಿಯಮವನ್ನು ಇಂಗ್ಲೆಂಡಿನ ಶೆರಿಂಗ್ಟನ್ ಮಹಾಶಯರು ವಿಶದಪಡಿಸಿದರು. 1932ರಲ್ಲಿ ಅವರಿಗೂ ಏಡ್ರಿಯನ್ನರಿಗೂ ನೊಬೆಲ್ ಪಾರಿತೋಷಕವು ಕೂಡಿಯೇ ದೊರೆಯಿತು.

ಇನ್ನು ನಾವು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇವೆ. ಸುದ್ದಿ ತರುವ ತಂತುವೇ ಸತ್ತರೆ ಏನಾದೀತು? ಸ್ನಾಯು ಗಟ್ಟಿಯಾಗಿದೆ, ಹುರಿಯು ನೆಟ್ಟಗಿದೆ. ಆದರೆ ಸುದ್ದಿಯಿಲ್ಲ, ಆದುದರಿಂದ ಅಪ್ಪಣೆಯೂ ಇಲ್ಲ. ಕೈಯು ಕಾದ ಪಾತ್ರೆಯ ಮೇಲೆಯೇ ಇರುತ್ತದೆ. ಕುಷ್ಠರೋಗಿಯ ಪಾಡು ಇದೇ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದ ಸೂಕ್ಷ್ಮಜೀವಿಯು ಚರ್ಮದ ಜೊತೆಗೆ ಕೈಕಾಲುಗಳ ನರಗಳನ್ನೂ ಕೆಡಿಸುತ್ತದೆ. ಆದರೂ ರೋಗಿಯ ಬೆರಳುಗಳು ತಾವಾಗಿಯೇ ಕೊಳೆತು ಉದುರುವವೆಂದು ಜನರು ನಂಬಿದ್ದರು. ಪಾಪದ ಫಲವೆಂದು ದೂರವಿಟ್ಟರು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡರು ಈ ರೋಗಿಗಳ ಕೈಕಾಲುಗಳನ್ನು ಬಹುಕಾಲ ಪರೀಕ್ಷಿಸಿ, ಬೆರಳು ಹೋಗುವುದಕ್ಕೆ ಮುಖ್ಯ ಕಾರಣವು ತಿಳಿಯದೆ ಆದ ಸುಟ್ಟಗಾಯ, ತಿಳಿಯದೆ ಉಳಿದ ಹುಣ್ಣು ಎಂದು ತೋರಿಸಿಕೊಟ್ಟರು. ನೋವೇ ಇಲ್ಲದವನು ಗಾಯದ ಕಾಲನ್ನೇ ಊರಿ ನಡೆಯುತ್ತಾನೆ, ಗಾಯವು ಮಾಯುವುದೆಂತು?

ಬಂಧುಗಳೇ, ನಾವು ಶಪಿಸುವ ನೋವು ನಮ್ಮ ಬಾಗಿಲಿನ ಕಾವಲುಗಾರ. ಕಾವಲುಗಾರನನ್ನು ಕಳೆದುಕೊಂಡ ಮನೆಗೆ ಕಳ್ಳ ನುಗ್ಗಿದರೆ ಮನೆಯವನನ್ನು ದಂಡಿಸುವ ನ್ಯಾಯವು ಯಾವ ದೇಶದ್ದು? ನಮ್ಮ ಕಾಯಿದೆಯೂ ಬಹುಕಾಲ ಈ ಅನ್ಯಾಯದಲ್ಲಿ ಪಾಲುಗೊಂಡಿತ್ತು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠವು ವಿಚ್ಛೇದನಕ್ಕೆ ಕಾರಣವಾಗಿತ್ತು. 2019ರಲ್ಲಿ ಪಾರ್ಲಿಮೆಂಟು ಅದನ್ನು ತೆಗೆದುಹಾಕಿತು. ಕಾಯಿದೆಯು ತಿದ್ದಿಕೊಂಡಿತು, ಜನರ ಮನಸ್ಸು ಇನ್ನೂ ತಿದ್ದಿಕೊಳ್ಳಬೇಕಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಸೂಚಿಸಿದ ಬಹುಔಷಧ ಚಿಕಿತ್ಸೆಯಿಂದ ಈ ರೋಗವು ಪೂರ್ಣವಾಗಿ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಔಷಧಕ್ಕೆ ಹಣವಿಲ್ಲ. ಆದರೆ ಬಹುದಿನ ಸತ್ತಿರುವ ನರದ ಸ್ಪರ್ಶಜ್ಞಾನವು ಸಾಮಾನ್ಯವಾಗಿ ಮರಳಿ ಬಾರದು. ಆದುದರಿಂದಲೇ ತ್ವರೆಯು ಅವಶ್ಯ. ಮಗುವಿನ ಮೈಮೇಲೆ ಮಾಸಿದ ಬಣ್ಣದ, ಮುಟ್ಟಿದರೆ ಅರಿವಾಗದ ಮಚ್ಚೆಯನ್ನು ಮೊದಲು ಕಾಣಬಲ್ಲವರಲ್ಲಿ ಶಿಕ್ಷಕರೂ ಒಬ್ಬರು. ಕಂಡರೆ ಮಗುವನ್ನು ಹಿಂದಿನ ಬೆಂಚಿಗೆ ದೂಡದೆ, ಗುಟ್ಟಾಗಿ ತಂದೆತಾಯಿಗಳಿಗೆ ಹೇಳಿ ವೈದ್ಯರ ಬಳಿಗೆ ಕಳುಹಿಸಿರಿ.

ಸಕ್ಕರೆ ರೋಗವು ಹಳೆಯದಾದಾಗಲೂ ಅಂಗಾಲಿನ ಅರಿವು ಮಂಕಾಗುವುದುಂಟು. ಅಂಥವರು ಬರಿಗಾಲಿನಲ್ಲಿ ನಡೆಯಬಾರದು. ಕಾಲಿಗೆ ಬಿಸಿನೀರು ಹಾಕುವ ಮೊದಲು ಅದರ ಬಿಸಿಯನ್ನು ಅರಿವುಳ್ಳ ಮೊಣಕೈಯಿಂದಲೋ ಮನೆಯವರ ಕೈಯಿಂದಲೋ ಪರೀಕ್ಷಿಸಬೇಕು. ಪ್ರತಿದಿನ ರಾತ್ರಿ ಮಲಗುವ ಮುನ್ನ ದೀಪದ ಬೆಳಕಿನಲ್ಲಿ ಅಂಗಾಲನ್ನು ತಿರುವಿ ನೋಡಬೇಕು. ತಮಗೆ ಕಾಣದಿದ್ದರೆ ಮನೆಯವರು ನೋಡಬೇಕು. ನರವು ಮಾಡಲಾರದ ಕಾವಲನ್ನು ಕಣ್ಣು ಮಾಡಬೇಕಷ್ಟೆ.