ಹೊಕ್ಕುಳ ಬಳ್ಳಿಯ ಸಾಕ್ಷಿ
(ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಹೊರಗಿನ ವಿಷ ಗರ್ಭದಲ್ಲಿರುವ ಮಗುವಿಗೂ ತಾಕುತ್ತದೆಯೇ, ತಾಕಿದರೆ ಅದನ್ನು ಅಳೆಯುವುದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದ್ದಾರೆ. ತೋಟದಲ್ಲಿ ಔಷಧಿ ಹೊಡೆಯುವ ಕಾಲ ಹತ್ತಿರವಾಗಿದೆ. ಆದ್ದರಿಂದ ಇದು ನಮ್ಮ ಮನೆಯ ಮಾತೇ.

ತಾಯಿಯ ಮೈಗೆ ಸೇರಿದ ಕೆಟ್ಟದ್ದನ್ನು ಮಾಸು ತಡೆಯುತ್ತದೆ, ಮಗುವಿನ ತನಕ ಬಿಡುವುದಿಲ್ಲ ಎಂದು ಒಂದು ಕಾಲದಲ್ಲಿ ವೈದ್ಯರೇ ನಂಬಿದ್ದರು. ಆ ನಂಬಿಕೆ ಮುರಿದದ್ದು ಜಪಾನಿನ ಮಿನಮಾಟದಲ್ಲಿ. ಅಲ್ಲಿಯ ಚಿಸ್ಸೋ ಕಾರ್ಖಾನೆ ಪಾದರಸ ಬೆರೆತ ಕೊಳೆನೀರನ್ನು ಕಡಲಿಗೆ ಬಿಡುತ್ತಿತ್ತು. ಆ ಕಡಲಿನ ಮೀನು ತಿಂದವರ ಕೈಕಾಲು ನಡುಗಿತು, ಮಾತು ತೊದಲಿತು. 1956ರಲ್ಲಿ ರೋಗ ಬೆಳಕಿಗೆ ಬಂತು. ಆದರೆ ಮೀನನ್ನು ಬಾಯಿಗಿಡದ ಎಳೆಗೂಸುಗಳಿಗೂ ಅದು ಬಂದಿತ್ತು. ಹೊಟ್ಟೆಯಲ್ಲಿದ್ದಾಗಲೇ ತಾಕಿತೆಂದು ತಾಯಂದಿರು ಹೇಳುತ್ತಿದ್ದರು. ಬಲ್ಲವರು ಅದನ್ನು ಒಪ್ಪಿಕೊಂಡದ್ದು 1962ರಲ್ಲಿ.

ಜಪಾನಿನಲ್ಲಿ ಹೊಕ್ಕುಳ ಬಳ್ಳಿಯ ಒಣಗಿದ ತುಂಡನ್ನು ಪುಟ್ಟ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಪದ್ಧತಿಯುಂಟು. ಹರಾಡ ಎಂಬ ವೈದ್ಯರು ಅಂಥ ಬಳ್ಳಿಗಳನ್ನು ಕೂಡಿಸಿದರು. ಅವುಗಳ ಪರೀಕ್ಷೆಯ ಫಲ 1975ರಲ್ಲಿ ಅಚ್ಚಾಯಿತು. ಕಾರ್ಖಾನೆಯ ಉತ್ಪಾದನೆ ಏರಿದ ವರ್ಷಗಳಲ್ಲಿ ಹುಟ್ಟಿದವರ ಬಳ್ಳಿಯಲ್ಲಿ ಪಾದರಸವೂ ಏರಿತ್ತು. ತಾಯಿ ಜೋಪಾನ ಮಾಡಿದ ಪೆಟ್ಟಿಗೆಯೇ ಸಾಕ್ಷಿ ಹೇಳಿತು.

ನಮ್ಮಂಥವರ ಕಥೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದೆ. ಸಲೀನಾಸ್ ಕಣಿವೆಯ ತರಕಾರಿ ಹೊಲಗಳಲ್ಲಿ ದುಡಿಯುವವರು ಹೆಚ್ಚಾಗಿ ಮೆಕ್ಸಿಕೋದಿಂದ ಬಂದವರು. 1999 ಮತ್ತು 2000ದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು ಆ ಸೀಮೆಯ 601 ಮಂದಿ ಬಸುರಿಯರನ್ನು ಸೇರಿಸಿಕೊಂಡು, ಬಸಿರಿನಲ್ಲಿ ಎರಡು ಸಲ ಅವರ ಮೂತ್ರ ಪರೀಕ್ಷಿಸಿದರು. ಎರಡು ಸಲ ಏಕೆಂದರೆ, ಕ್ಲೋರ್‌ಪೈರಿಫಾಸ್ ಜಾತಿಯ ಕೀಟನಾಶಕ ಮೈಯಿಂದ ಕೆಲವೇ ದಿನಗಳಲ್ಲಿ ಹೊರಟುಹೋಗುತ್ತದೆ. ಒಂದು ಸಲ ನೋಡಿದರೆ ಆ ವಾರದ ಲೆಕ್ಕ ಮಾತ್ರ ಸಿಕ್ಕೀತು. ಮಕ್ಕಳಿಗೆ 7 ವರ್ಷವಾದಾಗ ಬುದ್ಧಿಶಕ್ತಿಯ ಪರೀಕ್ಷೆ ನಡೆಯಿತು. ಬಸಿರಿನಲ್ಲಿ ಅತಿ ಹೆಚ್ಚು ವಿಷ ಕಂಡ ತಾಯಂದಿರ ಮಕ್ಕಳು, ಅತಿ ಕಡಿಮೆ ಕಂಡವರ ಮಕ್ಕಳಿಗಿಂತ ಸರಾಸರಿ 7 ಅಂಕ ಹಿಂದಿದ್ದರು. ಹುಟ್ಟಿದ ಮೇಲೆ ಮಕ್ಕಳ ಮೂತ್ರದಲ್ಲೇ ಕಂಡ ಅಳತೆಗೂ ಅಂಕಕ್ಕೂ ಅಂಥ ನಂಟು ಸ್ಪಷ್ಟವಾಗಿ ಕಾಣಲಿಲ್ಲ. ಹೊಟ್ಟೆಯಲ್ಲಿದ್ದ ಕಾಲವೇ ಮುಖ್ಯವೆಂದು ಕಂಡಿತು.

ಸರಾಸರಿ ಎಂದೆ. ಇದು ಒಂದೊಂದು ಮಗುವಿನ ಹಣೆಬರಹವಲ್ಲ. ಶಾಲೆಯಲ್ಲಿ ಹಿಂದುಳಿದ ಮಗುವನ್ನು ತೋರಿಸಿ ತಾಯಿಯನ್ನು ಬೈಯಲು ಯಾರೂ ಇದನ್ನು ಬಳಸಬಾರದು. ಔಷಧಿಯನ್ನು ತರಿಸಿದವಳು ಅವಳಲ್ಲ.

ಅಳತೆಯಿಂದ ಒಳ್ಳೆಯದೂ ಆಗಿದೆ. ನ್ಯೂಯಾರ್ಕಿನಲ್ಲಿ ಹೆರಿಗೆಯ ವೇಳೆ ಹೊಕ್ಕುಳ ಬಳ್ಳಿಯ ರಕ್ತ ಪರೀಕ್ಷಿಸಿದಾಗ ಕ್ಲೋರ್‌ಪೈರಿಫಾಸ್ ಸಿಕ್ಕಿತ್ತು. ಅಲ್ಲಿ ಮನೆಗಳಲ್ಲಿ ಜಿರಲೆಗೆ ಅದನ್ನೇ ಹೊಡೆಯುತ್ತಿದ್ದರು. ಮನೆಬಳಕೆ 2001ರ ಹೊತ್ತಿಗೆ ನಿಂತಿತು. ಆಮೇಲೆ ಹುಟ್ಟಿದ ಮಕ್ಕಳ ರಕ್ತದಲ್ಲಿ ಅದು ಬಹಳ ಇಳಿಯಿತು.

ನಮ್ಮ ಕಾಸರಗೋಡಿನಲ್ಲಿ ಎಣ್ಮಕಜೆಯ ಸುತ್ತಿನ ಸರ್ಕಾರಿ ಗೇರುತೋಟಗಳಿಗೆ 2000ದ ತನಕ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ನೋಡಿದ್ದು 2001ರಲ್ಲಿ. ಸಿಂಪಡಣೆ ನಿಂತು ತಿಂಗಳುಗಳು ಕಳೆದಿದ್ದರೂ ಮಕ್ಕಳ ರಕ್ತದಲ್ಲಿ ವಿಷವಿತ್ತು. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ.

ನಮ್ಮ ಲೈನಿಗೆ ಅಳೆಯುವ ಯಂತ್ರ ಬರುವ ತನಕ ಕಾಯಬೇಕಾಗಿಲ್ಲ. ಪ್ರತಿ ಲೈನಿನಲ್ಲೂ ಒಂದು ನೋಟುಬುಕ್ಕು ಇರಲಿ: ಯಾವ ತಾರೀಖು, ಯಾವ ಬ್ಲಾಕು, ಡಬ್ಬಿಯ ಮೇಲೆ ಬರೆದಿರುವ ಹೆಸರೇನು. ಬಸುರಿಯರು ತಪಾಸಣೆಗೆ ಹೋಗುವಾಗ ಅದನ್ನು ನರ್ಸಮ್ಮನಿಗೆ ತೋರಿಸಲಿ. ಔಷಧಿ ಹೊಡೆದು ಬಂದ ಗಂಡಸರು ಆ ಬಟ್ಟೆಯಲ್ಲೇ ಒಳಗೆ ಬಂದು ಮಗುವನ್ನೆತ್ತಬೇಡಿ. ಹೊರಗೇ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ನೀವೇ ಒಗೆಯಿರಿ. ಬಸುರಿ ಹೆಂಡತಿಯ ಕೈಗೆ ಕೊಡಬೇಡಿ. ಖಾಲಿ ಡಬ್ಬಿಯಲ್ಲಿ ನೀರು ತುಂಬಿಡುವ ಅಭ್ಯಾಸ ಇನ್ನೂ ಕೆಲವು ಮನೆಗಳಲ್ಲಿದೆ, ದಯವಿಟ್ಟು ಬಿಡಿ.

ಬಸುರಿಯರನ್ನು ಔಷಧಿ ಕಲಸುವ ಜಾಗದಿಂದಲೂ ಹೊಡೆದ ಬ್ಲಾಕಿನಿಂದಲೂ ಕೂಲಿ ಕಡಿತವಿಲ್ಲದೆ ಬೇರೆ ಕೆಲಸಕ್ಕೆ ಹಾಕಬೇಕೆಂಬ ಅರ್ಜಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಓದಲು ಬಾರದವರಿಗೆ ಓದಿ ಹೇಳುತ್ತೇವೆ. ಕೇಳಿ, ಒಪ್ಪಿಗೆಯಾದರೆ ಸಹಿ ಹಾಕಿ.