ಮನೆಯ ಕತ್ತರಿ: ಅದರ ಹರಿತ ಮತ್ತು ಆರೈಕೆ

ಸಂಘದ ಮಹಿಳಾ ವಿಭಾಗದ ಕೂಟದಲ್ಲಿ ಮಾಡಿದ ಭಾಷಣ



ರಾಜ್ಯೋತ್ಸವದ ತಿಂಗಳಲ್ಲಿ ಪಂಪ, ಕುಮಾರವ್ಯಾಸರನ್ನು ಕುರಿತು ಮಾತನಾಡಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕತ್ತರಿಯನ್ನು ಕುರಿತು ಮಾತನಾಡಲು ಯಾರೂ ಮುಂದೆ ಬರಲಿಲ್ಲವಾದ್ದರಿಂದ ಆ ಭಾಗ್ಯ ನನ್ನ ಪಾಲಿಗೆ ಬಂದಿತು. ೧೯೫೬ರ ನವೆಂಬರ್ ೧ರಂದು ಹೈದರಾಬಾದ್ ರಾಜ್ಯದ ಭೂಪಟಕ್ಕೆ ಕತ್ತರಿ ಬಿದ್ದು, ಬೀದರ್, ಗುಲ್ಬರ್ಗ, ರಾಯಚೂರುಗಳ ಕನ್ನಡ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಕತ್ತರಿಯ ಮಾತು ಎಲ್ಲ ವೇದಿಕೆಗಳಲ್ಲಿಯೂ ಆಗಿದೆ. ನಾನು ಹೇಳತಕ್ಕದ್ದು ನಿಮ್ಮ ಹೊಲಿಗೆಯಂತ್ರದ ಖಾನೆಯಲ್ಲಿಯೋ ಅಡುಗೆಮನೆಯ ಗೂಟದಲ್ಲಿಯೋ ಇರುವ ಕತ್ತರಿಯ ಮಾತು.

ಈ ಊರಿನಲ್ಲಿ ಅದಕ್ಕೆ ಹೆಸರುಗಳಿಗೇನೂ ಕೊರತೆಯಿಲ್ಲ. ಸಂಸ್ಕೃತದ ಕರ್ತರೀ ನಮ್ಮಲ್ಲಿ ಕತ್ತರಿಯಾಯಿತು, ತೆಲುಗರಲ್ಲಿ ಕತ್ತೆರ, ಮರಾಠಿಗರಲ್ಲಿ ಕಾತ್ರಿ. ಚಾರ್‌ಮಿನಾರಿನ ಕಡೆಗೆ ಹೋದರೆ ಕೈಂಚಿ. ಹರಿತದ ವಿದ್ಯೆಯೂ ನಮಗೆ ಹೊರಗಿನದಲ್ಲ. ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ ಎಂಬ ಹಳ್ಳಿಯಲ್ಲಿ ಮೂಸೆಯಲ್ಲಿ ಕಾಯಿಸಿ ತೆಗೆದ ಉಕ್ಕು ಒಂದು ಕಾಲದಲ್ಲಿ ಪರ್ಷಿಯಾದವರೆಗೆ ಹೋಗುತ್ತಿತ್ತು. ದಕ್ಷಿಣದೇಶದ ಇಂಥ ಉಕ್ಕನ್ನು ಇಂಗ್ಲಿಷರು 'ವೂಟ್ಸ್' ಎಂದು ಕರೆದರು. ೧೭೯೫ರಲ್ಲಿ ಜಾರ್ಜ್ ಪಿಯರ್‌ಸನ್ ಎಂಬ ವಿದ್ವಾಂಸನು ಇದರ ಮೇಲೆ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧವನ್ನೇ ಮಂಡಿಸಿದನು. ಆ ಹೆಸರು ನಮ್ಮ 'ಉಕ್ಕು' ಶಬ್ದದ ಅಪಭ್ರಂಶವೆಂದು ಬಹುಮಂದಿ ಪಂಡಿತರ ಅಭಿಪ್ರಾಯ. ಇಂಥ ನಾಡಿನಲ್ಲಿದ್ದುಕೊಂಡು ಮನೆಯಲ್ಲಿ ಮೊಂಡು ಕತ್ತರಿಯಿಂದ ಬಟ್ಟೆಯನ್ನು ಅಗಿಯುವುದು ನಮಗೆ ಶೋಭೆಯಲ್ಲ.

ಮೊದಲು ಕತ್ತರಿ ಹೇಗೆ ಕತ್ತರಿಸುತ್ತದೆಂಬುದನ್ನು ತಿಳಿಯಬೇಕು. ಚಾಕು ತನ್ನ ಬಾಯಿಯ ಬಲದಿಂದಲೇ ಕೊಯ್ಯುತ್ತದೆ. ಕತ್ತರಿಯದು ಹಾಗಲ್ಲ. ಅದರ ಎರಡು ಅಲಗುಗಳು ಒಂದನ್ನೊಂದು ಒರಸಿಕೊಂಡು ಹೋಗಬೇಕು. ಆ ಒರಸಾಟದಲ್ಲಿ ಸಿಕ್ಕಿದ್ದು ತುಂಡಾಗುತ್ತದೆ. ಮುಚ್ಚಿದ ಕತ್ತರಿಯನ್ನು ದೀಪದ ಎದುರಿಗೆ ಅಡ್ಡಲಾಗಿ ಹಿಡಿದು ನೋಡಿರಿ. ಒಳ್ಳೆಯ ಕತ್ತರಿಯಾದರೆ ಅಲಗುಗಳ ನಡುವೆ ಸಣ್ಣ ಬೆಳಕಿನ ಗೆರೆ ಕಾಣುತ್ತದೆ. ಅಲಗು ಸ್ವಲ್ಪ ಬಾಗಿರುತ್ತದೆ, ಒಳಮೈ ತುಸು ತಗ್ಗಾಗಿರುತ್ತದೆ. ಆದ್ದರಿಂದ ಅಲಗುಗಳು ಯಾವಾಗಲೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ನಾವು ಮುಚ್ಚುತ್ತ ಹೋದಂತೆ ಆ ಬಿಂದು ತಿರುಪಿನಿಂದ ತುದಿಯವರೆಗೆ ಸಾಗುತ್ತದೆ. ಕತ್ತರಿಯ ಗುಟ್ಟೆಲ್ಲ ಈ ಕೂಡಿಕೆಯಲ್ಲಿದೆ.

ಹೀಗಿರುವುದರಿಂದ, ಮೊಂಡಾಯಿತೆಂದು ನಾವು ಮೂಲೆಗೆ ಹಾಕುವ ಕತ್ತರಿಗಳಲ್ಲಿ ಎಷ್ಟೋ ಕತ್ತರಿಗಳು ಮೊಂಡಾಗಿರುವುದೇ ಇಲ್ಲ. ಸಡಿಲವಾಗಿರುತ್ತವೆ, ಇಲ್ಲವೆ ಕೊಳೆಯಾಗಿರುತ್ತವೆ. ಪರೀಕ್ಷೆ ಸುಲಭ. ಒಂದು ಹಿಡಿಯನ್ನು ಕೈಯಲ್ಲಿ ಹಿಡಿದು, ಇನ್ನೊಂದನ್ನು ಮೇಲೆತ್ತಿ ಬಿಟ್ಟುಬಿಡಿ. ಅದು ಮೆಲ್ಲಗೆ ಇಳಿದು, ಪೂರ್ತಿ ಮುಚ್ಚುವ ಮೊದಲೇ ನಿಲ್ಲಬೇಕು. ಟಪ್ಪೆಂದು ಬಿದ್ದರೆ ತಿರುಪು ಸಡಿಲವಾಗಿದೆ; ಒಂದಿಷ್ಟೇ ಬಿಗಿ ಮಾಡಿ, ಮತ್ತೆ ಪರೀಕ್ಷಿಸಿ. ಅಲುಗಾಡದೆ ನಿಂತರೆ ಬಿಗಿ ಹೆಚ್ಚಾಗಿದೆ, ಇಲ್ಲವೆ ಒಳಗೆ ಕೊಳೆ ಕುಳಿತಿದೆ. ಈಗ ದಿನವೂ ಬರುವ ಪಾರ್ಸೆಲ್ಲುಗಳ ಟೇಪಿನ ಅಂಟು ಅಲಗಿಗೆ ಹಿಡಿದಿದ್ದರೆ, ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಒರಸಿ ತೆಗೆಯಿರಿ. ತಿರುಪಿಗೆ ಮಾತ್ರ ಹೊಲಿಗೆಯಂತ್ರದ ಎಣ್ಣೆ ಒಂದು ತೊಟ್ಟು ಸಾಕು. ಶೇಂಗಾ ಎಣ್ಣೆಯನ್ನು ಅಲ್ಲಿಗೆ ಬಿಡಕೂಡದು. ಅದು ಧೂಳಿನೊಡನೆ ಕೂಡಿ ಜಿಗಟಾಗುತ್ತದೆ.

ಇಷ್ಟಾದರೂ ಬಟ್ಟೆ ತುಂಡಾಗದೆ ಅಲಗುಗಳ ನಡುವೆ ಮಡಚಿಕೊಂಡರೆ, ಆಗ ಮಸೆಯಬೇಕು. ಒಂದು ಕಡೆ ಉರುಟು, ಇನ್ನೊಂದು ಕಡೆ ನುಣುಪು ಇರುವ ಸಾಣೆಗಲ್ಲು ಪೇಟೆಯಲ್ಲಿ ಸಿಗುತ್ತದೆ. ತಿರುಪು ಬಿಚ್ಚುವಂತಿದ್ದರೆ ಅಲಗುಗಳನ್ನು ಬೇರೆ ಮಾಡಿಕೊಳ್ಳಿರಿ. ಪ್ರತಿಯೊಂದು ಅಲಗಿನ ಹೊರಗಡೆ, ಬಾಯಿಯ ಉದ್ದಕ್ಕೂ ಕಿರಿದಾದ ಓರೆಪಟ್ಟಿ ಇರುತ್ತದೆ. ಮಸೆಯತಕ್ಕದ್ದು ಅದೊಂದನ್ನೇ. ಚಾಕುವಿನ ಓರೆ ಒಂದೊಂದು ಕಡೆಗೆ ಸುಮಾರು ೨೦ ಡಿಗ್ರಿಯಾದರೆ ಕತ್ತರಿಯದು ಬಹಳ ನೆಟ್ಟಗೆ, ಹಲವು ಕತ್ತರಿಗಳಲ್ಲಿ ೬೦ ಡಿಗ್ರಿಯ ಆಸುಪಾಸು. ಅಳೆಯುವ ಗೋಜು ಬೇಡ. ಆ ಪಟ್ಟಿಗೆ ಮಕ್ಕಳ ಸ್ಕೆಚ್ ಪೆನ್ನಿನಿಂದ ಬಣ್ಣ ಹಚ್ಚಿರಿ. ನೀರಿನಲ್ಲಿ ನೆನೆಸಿದ ಕಲ್ಲಿನ ಮೇಲೆ ಪಟ್ಟಿಯನ್ನು ಒತ್ತಿಟ್ಟು, ತಿರುಪಿನ ಕಡೆಯಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಬಣ್ಣ ಪೂರ್ತಿ ಅಗಲಕ್ಕೂ ಅಳಿಸಿಹೋದರೆ ಓರೆ ಸರಿಯಾಗಿ ಸಿಕ್ಕಿದೆ. ಹತ್ತು ಹದಿನೈದು ಎಳೆತಕ್ಕೆ ಒಳಗಡೆಯ ಅಂಚಿನಲ್ಲಿ ಕೂದಲೆಳೆಯಷ್ಟು ಉಕ್ಕು ಮಡಚಿಕೊಂಡು ಬೆರಳಿಗೆ ತಾಕುತ್ತದೆ. ನುಣುಪು ಕಲ್ಲಿನ ಮೇಲೆ ಇನ್ನೂ ನಾಲ್ಕಾರು ಸಲ ಎಳೆದು, ಜೋಡಿಸಿ, ಮೆಲ್ಲಗೆ ಒಮ್ಮೆ ಮುಚ್ಚಿದರೆ ಆ ಎಳೆ ಉದುರುತ್ತದೆ. ಹಳೆಯ ತೆಳು ಪಂಚೆಯ ಚೂರನ್ನು ಬುಡದಿಂದ ತುದಿಯವರೆಗೆ ಕತ್ತರಿಸಿ ನೋಡಿರಿ. ತುದಿಯಲ್ಲಿಯೂ ಕಚ್ಚದೆ ಕತ್ತರಿಸಿದರೆ ಕೆಲಸ ಆಯಿತು. ಮರಳುಕಾಗದ ಕತ್ತರಿಸಿದರೆ ಹರಿತವಾಗುತ್ತದೆಂಬ ಮಾತುಂಟು. ಅದರಿಂದ ಸಣ್ಣ ಮುಕ್ಕು ಹೋದೀತು, ಓರೆ ಮರಳಿ ಬಾರದು. ಬಾಯಿಯಲ್ಲಿ ಹಲ್ಲು ಹಲ್ಲಾಗಿರುವ ಕತ್ತರಿಯನ್ನಂತೂ ಮನೆಯಲ್ಲಿ ಮುಟ್ಟಲೇಬೇಡಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಒಳಮೈಯನ್ನು ಎಂದೂ ಸಾಣೆಗೆ ಕೊಡಕೂಡದು. ನಮ್ಮ ನೆರೆಯಲ್ಲಿ ಗುಲ್ಬರ್ಗದ ಕಡೆಯ ತಾಯಿಯೊಬ್ಬರು ಇದ್ದರು. ಎಳೆವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಕುಪ್ಪಸ, ಲಂಗ ಹೊಲಿದು, ಮೂರು ಮಕ್ಕಳನ್ನು ಓದಿಸಿದರು. ಅವರ ಮೀರತ್ ಕತ್ತರಿಗೆ ಮೂವತ್ತು ವರ್ಷಗಳಾದರೂ ಮುಕ್ಕು ಬಂದಿರಲಿಲ್ಲ. ಅಜ್ಜ ಕೊಂಡದ್ದನ್ನು ಮೊಮ್ಮಗ ಬಳಸುತ್ತಾನೆಂದು ಮೀರತ್ತಿನವರು ತಮ್ಮ ಕತ್ತರಿಯ ವಿಷಯದಲ್ಲಿ ಹೇಳುವುದುಂಟು. ೨೦೧೩ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರಕಿತು. ಅವರು ತೀರಿಕೊಂಡ ಮೇಲೆ ಮಗಳು ಅಕ್ಕರೆಯಿಂದಲೇ ಅದನ್ನು ಸಾಣೆಗೆ ಕಳುಹಿಸಿದಳು. ಎರಡೇ ನಿಮಿಷಗಳಲ್ಲಿ ಒಳಹೊರಗೆರಡನ್ನೂ ಚಕ್ರಕ್ಕೆ ಹಿಡಿದರು. ಕತ್ತರಿ ಕನ್ನಡಿಯಂತೆ ಹೊಳೆಯಿತು; ಬಟ್ಟೆಯನ್ನು ಮಾತ್ರ ಮತ್ತೆ ಕತ್ತರಿಸಲಿಲ್ಲ. ಒಳಗಿನ ತಗ್ಗು ಹೋದ ಮೇಲೆ ಅಲಗುಗಳು ಎಲ್ಲಿ ಕೂಡಬೇಕೋ ಅಲ್ಲಿ ಕೂಡಲಿಲ್ಲ. ಆ ಮಗಳ ಕಣ್ಣೀರನ್ನು ನೋಡಿದ ಮೇಲೆಯೇ ಈ ವಿಷಯವನ್ನು ನಾಲ್ಕು ಜನರ ಮುಂದೆ ಹೇಳಬೇಕೆಂದು ನನಗೆ ಅನ್ನಿಸಿದ್ದು.

ಸಾಣೆಯವನನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಗಲ್ಲಿಗಲ್ಲಿ ತಿರುಗುವ ಈ ಕಸುಬಿನವರು ಕಡಿಮೆಯಾಗುತ್ತಿದ್ದಾರೆ. ೧೯೭೩ರ 'ಜಂಜೀರ್' ಚಿತ್ರದಲ್ಲಿ ಜಯಾ ಭಾದುರಿ ಈ ಕಸುಬಿನ ಹುಡುಗಿಯಾಗಿ ಬಂದದ್ದು ಹಲವರಿಗೆ ನೆನಪಿರಬಹುದು. ಕೆಲಸವನ್ನು ಅವರಿಗೇ ಕೊಡಿ, ಆದರೆ ಹತ್ತಿರ ನಿಂತುಕೊಂಡು ಕೊಡಿ. 'ಅಂದರ್ ನಕ್ಕೋ ಭಾಯಿ, ಬಾಹರ್ ಇಚ್' ಎಂದು ಇಲ್ಲಿಯ ಮಾತಿನಲ್ಲಿಯೇ ಹೇಳಿರಿ. ನಡುನಡುವೆ ನೀರಿನಲ್ಲಿ ಅದ್ದುವಂತೆ ಕೇಳಿಕೊಳ್ಳಿ. ಚಕ್ರದ ಬಿಸಿಗೆ ಬಾಯಿ ನೀಲಿಗಟ್ಟಿದರೆ ಅಲ್ಲಿಯ ಉಕ್ಕು ಸುಮಾರು ೩೦೦ ಡಿಗ್ರಿ ಸೆಲ್ಸಿಯಸ್ ಕಾದು ಮೆತ್ತಗಾಗಿದೆ ಎಂದರ್ಥ. ಆಮೇಲೆ ಹರಿತ ಬಹುಕಾಲ ನಿಲ್ಲುವುದಿಲ್ಲ.

ಇನ್ನು ದಿನದ ಆರೈಕೆ. ಬಟ್ಟೆಗೆ, ಕಾಗದಕ್ಕೆ, ಅಡುಗೆಮನೆಗೆ ಬೇರೆ ಬೇರೆ ಕತ್ತರಿ ಇರಲಿ. ಕಾಗದದಲ್ಲಿ ಸುಣ್ಣ, ಜೇಡಿಮಣ್ಣಿನಂಥ ಪುಡಿ ಸೇರಿರುತ್ತದೆ. ಅದು ಬಾಯಿಯನ್ನು ಸವೆಸುತ್ತದೆ. ಬಟ್ಟೆಯ ಕತ್ತರಿಯ ಹಿಡಿಗೆ ಕೆಂಪು ದಾರ ಕಟ್ಟಿದರೆ ಹಾಲಿನ ಪೊಟ್ಟಣ ಕತ್ತರಿಸಲು ಯಾರೂ ಅದನ್ನು ಒಯ್ಯಲಾರರು. ತೊಳೆದ ಕತ್ತರಿಯನ್ನು ತೆರೆದೇ ಒರಸಿ, ಒಣಗಿಸಿ, ಮುಚ್ಚಿ ತೂಗುಹಾಕಿರಿ. ನೆಲಕ್ಕೆ ಬಿದ್ದರೆ ಕೂಡಲೇ ದೀಪಕ್ಕೆ ಹಿಡಿದು ನೋಡಿರಿ. ಸಣ್ಣ ಪೆಟ್ಟಿಗೂ ತುದಿ ಬಾಗುವುದುಂಟು.

ತಾಯಂದಿರೆ, ಊರು ಬಿಟ್ಟು ಬಂದವರ ಮನೆಯಲ್ಲಿ ಹಿರಿಯರ ಕೈ ಮುಟ್ಟಿದ ವಸ್ತುಗಳು ಉಳಿಯುವುದೇ ನಾಲ್ಕಾರು. ಅವುಗಳಲ್ಲಿ ಕತ್ತರಿಯಿದ್ದರೆ ಅದನ್ನು ಕಪಾಟಿನಲ್ಲಿ ಪೂಜೆಗಿಡಬೇಡಿರಿ, ಕೆಲಸಕ್ಕೆ ಹಚ್ಚಿರಿ. ಮುಂದಿನ ಕೂಟಕ್ಕೆ ಬರುವಾಗ ನಿಮ್ಮ ನಿಮ್ಮ ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತನ್ನಿ. ಕಲ್ಲು, ಎಣ್ಣೆ, ಹಳೆಯ ಪಂಚೆ ನಾನು ತರುತ್ತೇನೆ.